ಇಲ್ಲದವರ ಹೆಸರಿನ ಕಲಮು

ಸೊಲ್ಲಾಪುರದಿಂದ ದಕ್ಷಿಣಕ್ಕೆ ಮಂದ್ರೂಪ ದಾಟಿ ಭೀಮೆಯ ಕಡೆಗೆ ಹೋದರೆ ಭಂಡಾರಕವಠೆ ಸಿಗುತ್ತದೆ. ಮಹಾರಾಷ್ಟ್ರದ ನಕಾಶೆಯಲ್ಲಿದ್ದರೂ ಕನ್ನಡ, ಮರಾಠಿ ಎರಡನ್ನೂ ಮನೆಮಾತಿನಂತೆ ಆಡುವ ಸೀಮೆ ಇದು. ನದಿಯ ಆಚೆ ದಂಡೆ ವಿಜಯಪುರ ಜಿಲ್ಲೆಗೆ ಸೇರಿದ್ದು. ಈಚೆ ಉತ್ತರಕ್ಕೆ ಸೀನಾ ನದಿ ಹರಿದು, ಮುಂದೆ ಹತ್ತರಸಂಗದ ಕೂಡಲದಲ್ಲಿ ಭೀಮೆಯನ್ನು ಸೇರುತ್ತದೆ. ಹೀಗೆ ಎರಡು ಹೊಳೆಗಳ ನಡುವೆ ಸಿಕ್ಕ ಈ ಕರಿಮಣ್ಣಿನ ಪಟ್ಟಿ 1636ರ ಮೇ ತಿಂಗಳಲ್ಲಿ ಒಂದು ಸಂಧಿಪತ್ರದ ಕಲಮಾಗಿ ಬರೆಯಲ್ಪಟ್ಟಿತು. ಬರೆಸಿದವರು ದಿಲ್ಲಿಯ ಬಾದಶಹ ಶಹಜಹಾನ್ ಮತ್ತು ಬಿಜಾಪುರದ ಸುಲ್ತಾನ ಮುಹಮ್ಮದ್ ಆದಿಲ್‌ಶಹಾ. ಹಂಚಿಕೆಯಾದದ್ದು ಅಹಮದನಗರದ ನಿಜಾಮಶಾಹಿ ರಾಜ್ಯ. ಆ ರಾಜ್ಯದ ಪರವಾಗಿ ಮಾತಾಡುವ ಒಬ್ಬ ವಕೀಲನೂ ಅಲ್ಲಿರಲಿಲ್ಲ.

ಯುದ್ಧ ನಿಲ್ಲಿಸುವ ಮಾತುಕತೆಯಲ್ಲಿ ಪೆಟ್ಟು ತಿಂದ ನಾಡಿಗೇ ಜಾಗವಿಲ್ಲದಿದ್ದರೆ, ಅಲ್ಲಿಂದ ಹುಟ್ಟುವ ಶಾಂತಿ ಎಂಥದ್ದು? 2025ರ ಫೆಬ್ರುವರಿ 18ರಂದು ರಿಯಾದ್‌ನಲ್ಲಿ ಅಮೆರಿಕ ಮತ್ತು ರಷ್ಯಾದ ವಿದೇಶಾಂಗ ಮಂತ್ರಿಗಳು ಯುಕ್ರೇನ್ ಯುದ್ಧದ ಬಗ್ಗೆ ಕೂತು ಮಾತಾಡಿದಾಗ, ಯುಕ್ರೇನನ್ನು ಕರೆದೇ ಇರಲಿಲ್ಲ. ಅಂದಿನಿಂದ ಜಗತ್ತಿನ ಪತ್ರಿಕೆಗಳು ಕೇಳುತ್ತಿರುವುದು ಇದೇ ಪ್ರಶ್ನೆಯನ್ನು. ಉತ್ತರ ಹುಡುಕಲು ಎಲ್ಲರೂ ಹೋಗುವುದು 1938ರ ಮ್ಯೂನಿಕ್‌ಗೆ. ಆದರೆ ಕನ್ನಡ ನಾಡಿಗೆ, ಅದರಲ್ಲೂ ಭೀಮೆಯ ದಂಡೆಗೆ, ಈ ವಿಷಯದಲ್ಲಿ ಮ್ಯೂನಿಕ್‌ಗಿಂತ ಹಳೆಯ ಅನುಭವವಿದೆ. ಆ ಅನುಭವದಿಂದ ಒಂದು ಪಾಠ ಸ್ಪಷ್ಟವಾಗಿ ಬರುತ್ತದೆ: ಸಂಧಿಯಲ್ಲಿ ಯಾರು ಸಹಿ ಹಾಕಿದರು ಎಂಬುದರಷ್ಟೇ ಮುಖ್ಯವಾದದ್ದು, ಸಹಿ ಹಾಕದವರ ತಲೆಯ ಮೇಲೆ ಯಾವ ಕಲಮು ಬಿತ್ತು ಮತ್ತು ಅದನ್ನು ಜಾರಿ ಮಾಡುವವರು ಯಾರು ಎಂಬುದು.

ಎರಡು ಹೊಳೆಗಳ ನಡುವಿನ ನೆಲ

1626ರಲ್ಲಿ ವಜೀರ ಮಲಿಕ್ ಅಂಬರ್ ತೀರಿಕೊಂಡ ಮೇಲೆ ನಿಜಾಮಶಾಹಿಗೆ ಬೆನ್ನೆಲುಬು ಇಲ್ಲದಂತಾಯಿತು. 1633ರಲ್ಲಿ ದೌಲತಾಬಾದ್ ಮೊಗಲರ ವಶವಾಗಿ, ಹುಸೇನ್ ನಿಜಾಮಶಹಾ ಗ್ವಾಲಿಯರ್ ಕೋಟೆಯ ಸೆರೆಗೆ ಹೋದ. ಆದರೂ ರಾಜ್ಯ ಪೂರ್ತಿ ಸಾಯಲಿಲ್ಲ. ಸರದಾರ ಶಹಾಜಿ ಭೋಸಲೆ ಅದೇ ನಿಜಾಮಶಾಹಿ ಮನೆತನದ ಒಬ್ಬ ಹುಡುಗನನ್ನು ಮುರ್ತಜಾ ಎಂಬ ಹೆಸರಿನಲ್ಲಿ ಗಾದಿಗೆ ಕೂರಿಸಿ, ಜುನ್ನರ ಮತ್ತು ಕೊಂಕಣದ ಕೋಟೆಗಳನ್ನು ಹಿಡಿದು ಕಾದಾಡುತ್ತಿದ್ದ. ಬಿಜಾಪುರ ಒಳಗೊಳಗೇ ಅವನಿಗೆ ಆಸರೆ ಕೊಡುತ್ತಿತ್ತು.

1636ರ ಆರಂಭದಲ್ಲಿ ಶಹಜಹಾನ್ ತಾನೇ ದೌಲತಾಬಾದಿಗೆ ಬಂದಿಳಿದ. ಮೂರು ದಂಡುಗಳು ಬಿಜಾಪುರ ರಾಜ್ಯದ ಮೇಲೆ ಬಿದ್ದವು. ಬೀದರ, ಭಾಲ್ಕಿ, ಕಲ್ಯಾಣದ ಸೀಮೆ ಸುಟ್ಟಿತು. ಸೊಲ್ಲಾಪುರದ ಸುತ್ತಲಿನ ಹಳ್ಳಿಗಳೂ ಲೂಟಿಯಾದವು. ಬಿಜಾಪುರದವರು ಶಹಾಪುರದ ಕೆರೆಯ ಏರಿ ಒಡೆದು ರಾಜಧಾನಿಯ ಸುತ್ತ ನೀರು ನಿಲ್ಲಿಸಿ, ಮುತ್ತಿಗೆ ಹಾಕಲು ಬಂದವರಿಗೆ ಕಾಳುಕಡಿ ಸಿಗದಂತೆ ಮಾಡಿದರು. ಗೆಲುವು ಯಾರ ಕೈಗೂ ಪೂರ್ತಿ ಬರಲಿಲ್ಲ. ಆಗ ಕೂಡಿಬಂದದ್ದು ಮೇ ತಿಂಗಳ ಸಂಧಿ.

ಅದರ ಕರಾರುಗಳನ್ನು ಒಂದೊಂದಾಗಿ ನೋಡಬೇಕು. ಆದಿಲ್‌ಶಹಾ ಬಾದಶಹನ ಹಿರಿತನ ಒಪ್ಪಿ 20 ಲಕ್ಷ ರೂಪಾಯಿ ನಜರಾಣೆ ಕೊಡಬೇಕು; ವರ್ಷ ವರ್ಷದ ಕಪ್ಪ ಬೇಡ. ನಿಜಾಮಶಾಹಿ ಇನ್ನು ಮುಂದೆ ಇಲ್ಲ. ಅದರ ನೆಲ ಇಬ್ಬರಿಗೂ ಪಾಲು. ಬಿಜಾಪುರದ ಪಾಲಿಗೆ ಸೊಲ್ಲಾಪುರ, ಪರಾಂಡಾ ಕೋಟೆಗಳು, ಭೀಮಾ–ಸೀನೆಯ ನಡುವಿನ ಮಹಾಲುಗಳು, ಭಾಲ್ಕಿ, ಚಿಟಗುಪ್ಪಾ, ಪುಣೆ, ಚಾಕಣ ಮತ್ತು ಕೊಂಕಣದ ಭಾಗ, ಒಟ್ಟು ಸುಮಾರು 50 ಪರಗಣೆಗಳು. ಕೊನೆಗೆ ಶಹಾಜಿಯ ಬಗ್ಗೆ ಒಂದು ಕಲಮು: ತ್ರಿಂಬಕ, ಜುನ್ನರ ಮುಂತಾದ ಕೋಟೆಗಳನ್ನು ಅವನು ಮೊಗಲರಿಗೆ ಒಪ್ಪಿಸುವವರೆಗೆ ಬಿಜಾಪುರ ಅವನಿಗೆ ಚಾಕರಿಯನ್ನೂ ಕೊಡಬಾರದು, ಆಸರೆಯನ್ನೂ ಕೊಡಬಾರದು.

ಇಲ್ಲಿ ಬಿಜಾಪುರದ ಸ್ಥಿತಿ ಸೂಕ್ಷ್ಮವಾದದ್ದು. ಅದೂ ದಾಳಿಗೆ ಒಳಗಾದ ರಾಜ್ಯವೇ. ಆದರೆ ಮಾತುಕತೆಗೆ ಕೂತ ಗಳಿಗೆಯಿಂದ ಅದು ಪಾಲುದಾರನಾಯಿತು. ನಿನ್ನೆಯವರೆಗೆ ಬೆನ್ನಿಗಿಟ್ಟುಕೊಂಡಿದ್ದ ಶಹಾಜಿಯನ್ನು ಬೆನ್ನಟ್ಟುವ ಕೆಲಸವನ್ನೂ ಒಪ್ಪಿಕೊಂಡಿತು. ಸಂಧಿಯ ಮಸಿ ಆರುವ ಮೊದಲೇ ಮೊಗಲರ ಖಾನ್ ಜಮಾನ್ ಮತ್ತು ಬಿಜಾಪುರದ ರಣದುಲ್ಲಾ ಖಾನ್ ಇಬ್ಬರೂ ಸೇರಿ ಶಹಾಜಿಯ ಬೆನ್ನು ಹತ್ತಿದರು. ಮಳೆಗಾಲ ಕಳೆದು, ವರ್ಷದ ಕೊನೆಯ ಹೊತ್ತಿಗೆ ಮಾಹುಲಿ ಕೋಟೆಯಲ್ಲಿ ಅವನು ಶರಣಾದ. ಹುಡುಗ ರಾಜ ಮೊಗಲರ ಕೈಸೇರಿದ, ಶಹಾಜಿ ಬಿಜಾಪುರದ ಚಾಕರಿಗೆ ಬಂದ. ಅಂದರೆ ಯುದ್ಧ ನಿಲ್ಲಿಸಿದ ಸಂಧಿಗೆ ತನ್ನ ಒಂದು ಕಲಮನ್ನು ಜಾರಿಗೆ ತರಲು ಇನ್ನೊಂದು ಯುದ್ಧವೇ ಬೇಕಾಯಿತು.

ಶಾಂತಿಯ ಸಾಲ ತೀರಿಸಿದವರು

ಈ ಸಂಧಿಯನ್ನು ಹೊಗಳುವವರಿಗೆ ಬಲವಾದ ಆಧಾರವಿದೆ. ಮುಂದಿನ ಇಪ್ಪತ್ತು ವರ್ಷ ಮೊಗಲ ದಂಡು ಬಿಜಾಪುರದ ಮೇಲೆ ಬರಲಿಲ್ಲ. ಮುಹಮ್ಮದ್ ಆದಿಲ್‌ಶಹಾನ ಆ ಕಾಲ ರಾಜ್ಯದ ವಿಸ್ತಾರದ ಉತ್ತುಂಗ. ಅವನ ಗೋರಿಯಾದ ಗೋಲಗುಂಬಜ್ ಎದ್ದದ್ದೂ ಆಗಲೇ. ದೊಡ್ಡವರು ಕೂತು ಗಡಿ ಎಳೆದರೆ ಸಣ್ಣವರಿಗೂ ನೆಮ್ಮದಿ ಎನ್ನುವ ವಾದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಆದರೆ ಅದೇ ಇಪ್ಪತ್ತು ವರ್ಷ ತೆಂಕಣ ಕನ್ನಡ ನಾಡಿನಲ್ಲಿ ಏನಾಯಿತು ಎಂದೂ ನೋಡಬೇಕು. ಉತ್ತರದ ಬಾಗಿಲು ಭದ್ರವಾದೊಡನೆ ಬಿಜಾಪುರದ ದಂಡು ದಕ್ಷಿಣಕ್ಕೆ ತಿರುಗಿತು. 1637ರಲ್ಲಿ ರಣದುಲ್ಲಾ ಖಾನ್ ವೀರಭದ್ರ ನಾಯಕನ ಇಕ್ಕೇರಿಯ ಮೇಲೆ ಬಿದ್ದ. 1638ರಲ್ಲಿ ಕೆಂಪೇಗೌಡರ ಬೆಂಗಳೂರು ಬಿಜಾಪುರದ ಕೈಸೇರಿ, ಮುಂದೆ ಅದೇ ಶಹಾಜಿಯ ಜಹಗೀರಾಯಿತು. ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಕಂಠೀರವ ನರಸರಾಜ ಒಡೆಯರು ಹಿಮ್ಮೆಟ್ಟಿಸಿದರು. ಮುಂದಿನ ಹತ್ತು ವರ್ಷಗಳಲ್ಲಿ ದಂಡು ಜಿಂಜಿಯವರೆಗೂ ಹೋಯಿತು. ದೌಲತಾಬಾದಿನಲ್ಲಿ ಸಂಧಿ ಮಾಡಿದ ಇಬ್ಬರಿಗೂ ಇಕ್ಕೇರಿಯ ನಾಯಕ ಯಾರೆಂಬುದು ಲೆಕ್ಕಕ್ಕಿರಲಿಲ್ಲ. ಆದರೆ ಅವರ ಶಾಂತಿಯ ಬೆಲೆಯಲ್ಲಿ ದೊಡ್ಡ ಪಾಲನ್ನು ತೆತ್ತವನು ಅವನು. ಯುದ್ಧ ನಿಂತಿರಲಿಲ್ಲ, ತೆಂಕಣಕ್ಕೆ ದಾಟಿತ್ತು ಅಷ್ಟೇ.

ಹಾಗೆ ದಾಟಿದ ಯುದ್ಧ ತಿರುಗಿಯೂ ಬಂತು. 1656ರಲ್ಲಿ ಮುಹಮ್ಮದ್ ಆದಿಲ್‌ಶಹಾ ತೀರಿಕೊಂಡದ್ದೇ ತಡ, ಔರಂಗಜೇಬ 1657ರಲ್ಲಿ ಬೀದರ, ಕಲ್ಯಾಣಗಳನ್ನು ಕಿತ್ತುಕೊಂಡ. 1665ರ ಪುರಂದರ ಸಂಧಿಯಲ್ಲಿ ಮೊಗಲ ಸೇನಾಪತಿ ಮಿರ್ಜಾ ರಾಜಾ ಜಯಸಿಂಹ ಮತ್ತು ಶಹಾಜಿಯ ಮಗ ಶಿವಾಜಿ ಕೂತು, ಅಲ್ಲಿ ಇಲ್ಲದ ಬಿಜಾಪುರದ ನೆಲಕ್ಕೆ ಬೆಲೆ ಕಟ್ಟಿದರು: ಕೊಂಕಣ ಮತ್ತು ಬಾಲಾಘಾಟದಲ್ಲಿ ಒಟ್ಟು 9 ಲಕ್ಷ ಹೊನ್ನಿನ ಉತ್ಪನ್ನದ ನೆಲ ಶಿವಾಜಿಗೆ ದಕ್ಕಿದರೆ, ಅವನು ಬಾದಶಹನಿಗೆ ಕಂತುಕಂತಾಗಿ 40 ಲಕ್ಷ ಹೊನ್ನು ಕೊಡಬೇಕು. 1636ರಲ್ಲಿ ಪರರ ನೆಲ ಹಂಚಿಕೊಂಡ ಬಿಜಾಪುರ ಮೂವತ್ತು ವರ್ಷದೊಳಗೆ ತಾನೇ ಹಂಚಿಕೆಯ ಸರಕಾಯಿತು. 1668ರಲ್ಲಿ ಸೊಲ್ಲಾಪುರದ ಕೋಟೆಯನ್ನು ಮೊಗಲರಿಗೆ ಬಿಟ್ಟುಕೊಟ್ಟಿತು. 1686ರಲ್ಲಿ ರಾಜ್ಯವೇ ಹೋಯಿತು.

ಅಲ್ಲಿಗೂ ಮುಗಿಯಲಿಲ್ಲ. 1695ರಿಂದ 1699ರವರೆಗೆ ಶಹಜಹಾನನ ಮಗ ಔರಂಗಜೇಬ ಇದೇ ಭೀಮೆಯ ದಂಡೆಯ ಬ್ರಹ್ಮಪುರಿಯಲ್ಲಿ, ಮಂಗಳವೇಢೆಯ ಹತ್ತಿರ, ಠಾಣೆ ಹೂಡಿದ್ದ. ಕಾದಾಡುತ್ತಿದ್ದದ್ದು ಶಹಾಜಿಯ ಮೊಮ್ಮಗ ರಾಜಾರಾಮನ ದಂಡಿನೊಡನೆ. ತಂದೆ ಒಂದು ಕಲಮಿನಲ್ಲಿ ಬಗೆಹರಿಸಿದೆ ಎಂದುಕೊಂಡ ಮನೆತನದ ಜೊತೆ ಮಗ ಅರವತ್ತು ವರ್ಷ ಕಳೆದ ಮೇಲೂ ಅದೇ ಹೊಳೆಯ ದಂಡೆಯಲ್ಲಿ ಗುದ್ದಾಡುತ್ತಿದ್ದ. ಮರಾಠಾ ರಾಜ್ಯ ಹುಟ್ಟಲು ಕಾರಣಗಳು ಬೇರೆಯೂ ಇದ್ದವು, ನಿಜ. ಆದರೆ ನಿಜಾಮಶಾಹಿಯ ಸರದಾರರನ್ನು, ದೇಶಮುಖರನ್ನು ಕೇಳದೆ ಅವರ ನೆಲ ಹಂಚಿದ್ದರಿಂದ, ಆ ಪುಣೆ–ಚಾಕಣದ ಸೀಮೆ ಯಾರಿಗೂ ಪೂರ್ತಿ ಒಗ್ಗದೆ ಉಳಿಯಿತು. ಶಿವಾಜಿ ತನ್ನ ಕೆಲಸ ಶುರುಮಾಡಿದ್ದು ಅಲ್ಲಿಂದಲೇ.

ಸಾಲಬಾಯಿಯ ಒಂಬತ್ತನೇ ಕಲಮು

ಇನ್ನೊಂದು ಉದಾಹರಣೆ ಮೈಸೂರಿನದು. 1780ರಲ್ಲಿ ಹೈದರ ಅಲಿ ಪುಣೆಯ ನಾನಾ ಫಡ್ನವೀಸನ ಜೊತೆ ಕೈಜೋಡಿಸಿ ಇಂಗ್ಲಿಷರ ಮೇಲೆ ಯುದ್ಧ ಹೂಡಿದ. ಆ ಸಪ್ಟೆಂಬರಿನಲ್ಲಿ ಪೊಲ್ಲಿಲೂರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ದಂಡು ನುಚ್ಚುನೂರಾಯಿತು. ಆದರೆ 1782ರ ಮೇ 17ರಂದು ಗ್ವಾಲಿಯರ್ ಹತ್ತಿರದ ಸಾಲಬಾಯಿಯಲ್ಲಿ ಮರಾಠರ ಮಹಾದಜಿ ಸಿಂಧಿಯ ಮತ್ತು ಕಂಪನಿಯ ಡೇವಿಡ್ ಆಂಡರ್ಸನ್ ಸಂಧಿ ಮುಗಿಸಿಬಿಟ್ಟರು. ಅದರ ಒಂಬತ್ತನೇ ಕಲಮು ಹೈದರನ ಬಗ್ಗೆ: ಇಂಗ್ಲಿಷರಿಂದಲೂ ಆರ್ಕಾಟಿನ ನವಾಬನಿಂದಲೂ ಗೆದ್ದ ನೆಲವನ್ನು ಹೈದರ ಆರು ತಿಂಗಳಲ್ಲಿ ಬಿಟ್ಟುಕೊಡುವಂತೆ ಮಾಡುವ ಹೊಣೆ ಪುಣೆಯ ಪೇಶವೆಯದು.

ಹೈದರನನ್ನು ಯಾರೂ ಕೇಳಿರಲಿಲ್ಲ. ಗೆಲ್ಲುತ್ತಿರುವವನು ಗೆದ್ದದ್ದನ್ನು ಬಿಟ್ಟುಕೊಡಬೇಕು ಎಂದು ಇಬ್ಬರು ಬರೆದುಕೊಂಡರು. ಬಿಡಿಸುವ ಹೊಣೆ ಹೊತ್ತ ಪುಣೆಗೆ ಆ ಮನಸ್ಸೂ ಇರಲಿಲ್ಲ, ಬಲವೂ ಇರಲಿಲ್ಲ. ನಾನಾ ಫಡ್ನವೀಸ ಸಂಧಿಗೆ ಮುದ್ರೆ ಒತ್ತುವುದನ್ನೇ ತಿಂಗಳುಗಟ್ಟಲೆ ಮುಂದೂಡಿದ; 1782ರ ಡಿಸೆಂಬರ್ 7ರಂದು ಹೈದರ ತೀರಿಕೊಂಡ ಮೇಲೆಯೇ ಅದು ಗಟ್ಟಿಯಾದದ್ದು. ಯುದ್ಧ ಮಾತ್ರ ನಿಲ್ಲಲಿಲ್ಲ. 1783ರ ಮೊದಲಲ್ಲಿ ಇಂಗ್ಲಿಷರು ಬಿದನೂರು ಹಿಡಿದರು, ಹೈದರನ ಮಗ ಟೀಪು ಕೆಲವೇ ತಿಂಗಳಲ್ಲಿ ತಿರುಗಿ ಪಡೆದು ಮಂಗಳೂರಿಗೆ ಮುತ್ತಿಗೆ ಹಾಕಿದ.

ಅಷ್ಟರಲ್ಲಿ ಎರಡನೇ ಪೆಟ್ಟು ಯುರೋಪಿನಿಂದ ಬಂತು. 1783ರ ಜನವರಿಯಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ತಮ್ಮ ಜಗಳ ನಿಲ್ಲಿಸಿಕೊಂಡವು. ಸುದ್ದಿ ಹಡಗಿನಲ್ಲಿ ಬರಲು ಅರ್ಧ ವರ್ಷ ಹಿಡಿಯಿತು. ಬಂದೊಡನೆ ಮಂಗಳೂರಿನ ಮುತ್ತಿಗೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಟೀಪುವನ್ನು ಬಿಟ್ಟು ಪಕ್ಕಕ್ಕೆ ಸರಿದರು. ವರ್ಸೇಲ್ಸಿನ ಕಾಗದದಲ್ಲಿ ಭಾರತದ ಮಿತ್ರರ ಪಾಲಿಗೆ ಇದ್ದದ್ದು, ಅವರೂ ಬಂದು ಈ ಶಾಂತಿಗೆ ಸೇರಬಹುದು ಎಂಬ ಕರೆ ಮಾತ್ರ. ಒಂದೇ ವರ್ಷದೊಳಗೆ ಮೈಸೂರು ಎರಡು ಸಲ ಹೀಗೆ ಗೈರುಹಾಜರಿಯಲ್ಲಿ ಇತ್ಯರ್ಥವಾಯಿತು.

ಈ ಯುದ್ಧ ನಿಜಕ್ಕೂ ನಿಂತದ್ದು 1784ರ ಮಾರ್ಚ್ 11ರಂದು, ಕಂಪನಿ ಮಂಗಳೂರಿಗೆ ಬಂದು ಟೀಪುವಿನ ಎದುರೇ ಕೂತಾಗ. ಇಬ್ಬರೂ ಗೆದ್ದದ್ದನ್ನು ತಿರುಗಿ ಕೊಟ್ಟರು, ಸೆರೆಯಾಳುಗಳನ್ನು ಬಿಟ್ಟರು. ವಾರನ್ ಹೇಸ್ಟಿಂಗ್ಸನಿಗೆ ಅದು ಅವಮಾನ ಎನಿಸಿತು. ತಮ್ಮ ಸಾಲಬಾಯಿಯನ್ನು ಬದಿಗಿಟ್ಟದ್ದಕ್ಕೆ ಪುಣೆಗೂ ಸಿಟ್ಟು ಬಂತು. ಆದರೆ ಸಾಲಬಾಯಿಯ ಕಲಮು ಒಂದು ದಿನವೂ ನಡೆಯಲಿಲ್ಲ, ಮಂಗಳೂರಿನದು ಮೈಸೂರು–ಕಂಪನಿಗಳ ನಡುವೆ ಆರು ವರ್ಷ ನಡೆಯಿತು.

ಸೋತವನೇ ಇಲ್ಲದಾಗ

1799ರ ಕಥೆ ಇನ್ನೊಂದು ಬಗೆಯದು. ಮೇ 4ರಂದು ಟೀಪು ಸತ್ತ. ಜೂನ್ 22ರಂದು ಕಂಪನಿ ಮತ್ತು ಹೈದರಾಬಾದಿನ ನಿಜಾಮ ಮೈಸೂರನ್ನು ಪಾಲುಮಾಡಿಕೊಂಡು ಕಾಗದ ಬರೆದರು. ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ರಾಜ್ಯ ಕೊಟ್ಟ ಕರಾರು ಬಂದದ್ದು ಆಮೇಲೆ, ಜುಲೈ 8ರಂದು. ಮಾತುಕತೆಯಲ್ಲಿ ಇರದ ಪೇಶವೆಗೆ ಹರಪನಹಳ್ಳಿ, ಸೋಂದೆ, ಆನೆಗೊಂದಿಯಂಥ ಸೀಮೆಗಳನ್ನು ಷರತ್ತಿನ ಮೇಲೆ ಎತ್ತಿಟ್ಟಿದ್ದರು. ಆತ ಷರತ್ತು ಒಪ್ಪಲಿಲ್ಲ. ಆ ಪಾಲನ್ನೂ ಇಬ್ಬರೇ ಹಂಚಿಕೊಂಡರು. ಮರುವರ್ಷ ನಿಜಾಮ ತನ್ನ ಪಾಲಿಗೆ ಬಂದ ಬಳ್ಳಾರಿ ಸೀಮೆಯನ್ನು ಕಂಪನಿಯ ದಂಡಿನ ಖರ್ಚಿಗೆಂದು ಒಪ್ಪಿಸಿಬಿಟ್ಟ.

ಆದರೆ ಹಂಚಿಕೆಯ ಪತ್ರದಲ್ಲಿ ಹೆಸರೇ ಇಲ್ಲದವರು ಬಿದನೂರಿನ ಕಾಡಿನಲ್ಲಿದ್ದರು. ಶ್ರೀರಂಗಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡ ಧೋಂಡಿಯಾ ವಾಘ್ ದಂಡು ಕಟ್ಟಿದ. ಅವನನ್ನು ಕೊಲ್ಲಲು ಆರ್ಥರ್ ವೆಲ್ಲೆಸ್ಲಿಗೆ 1800ರ ಸಪ್ಟೆಂಬರ್ 10ರವರೆಗೆ ಬೇಕಾಯಿತು. ಬಲಂ ಸೀಮೆಯ ಕೃಷ್ಣಪ್ಪ ನಾಯಕ 1802ರವರೆಗೆ ಕಾದಾಡಿದ. ಮೇಜಿನ ಮೇಲೆ ಮುಗಿದ ಯುದ್ಧ ಮಲೆನಾಡಿನಲ್ಲಿ ಇನ್ನೂ ಮೂರು ವರ್ಷ ಉಳಿಯಿತು.

ಮತ್ತೆ ಭೀಮೆಯ ಕಡೆಗೆ ಬಂದರೆ, ಸೊಲ್ಲಾಪುರ 1818ರ ಮೇ ತಿಂಗಳಲ್ಲಿ ಧಾರವಾಡ ಕಡೆಯಿಂದ ದಂಡು ತಂದ ಥಾಮಸ್ ಮನ್ರೋನ ಕೈಸೇರಿತು. ಅಕ್ಕಲಕೋಟೆಯ ಭೋಸಲೆ ಜಹಗೀರದಾರರ ಜೊತೆ ಕಂಪನಿ 1820ರ ಜುಲೈಯಲ್ಲಿ ನೇರವಾಗಿ ಕರಾರು ಮಾಡಿಕೊಂಡಿತು. ಸಹಿ ಹಾಕಿದವನಿಗೆ ಗಾದಿ ಉಳಿಯಿತು. ಸಂಸ್ಥಾನ 1948ರ ಮಾರ್ಚ್ 8ರಂದು ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ನಡೆಯಿತು. ಅದರ ಮುಂದಿನ ಮಹಾರಾಷ್ಟ್ರ–ಕರ್ನಾಟಕ ಗಡಿಯ ತಕರಾರು ಯುದ್ಧವಲ್ಲ; ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ತಪ್ಪು. ಆದರೂ ದಿಲ್ಲಿ, ಮುಂಬಯಿ, ಬೆಂಗಳೂರುಗಳು ಮಾತಾಡುವುದು, ಭೀಮೆಯ ದಂಡೆ ಕೇಳಿಸಿಕೊಳ್ಳುವುದು ಎಂಬ ರೂಢಿ ಇಲ್ಲಿಯೂ ಬದಲಾಗಲಿಲ್ಲ. 1967ರ ಮಹಾಜನ ಆಯೋಗದ ವರದಿ ಅಕ್ಕಲಕೋಟೆ ತಾಲೂಕನ್ನೂ ದಕ್ಷಿಣ ಸೊಲ್ಲಾಪುರದ ಹಲವು ಹಳ್ಳಿಗಳನ್ನೂ ಕರ್ನಾಟಕಕ್ಕೆ ಕೊಡಬೇಕೆಂದಿತು, ಮಹಾರಾಷ್ಟ್ರ ಒಪ್ಪಲಿಲ್ಲ, 2004ರಿಂದ ದಾವೆ ಸುಪ್ರೀಂ ಕೋರ್ಟಿನಲ್ಲಿದೆ. 2022ರ ಕೊನೆಯಲ್ಲಿ ಅಕ್ಕಲಕೋಟೆ ಕಡೆಯ ಕೆಲವು ಹಳ್ಳಿಗಳು ಕರ್ನಾಟಕಕ್ಕೆ ಸೇರುತ್ತೇವೆ ಎಂದಾಗ ಅವರ ದೂರು ಹೆಚ್ಚಾಗಿ ನೀರು, ರಸ್ತೆಯದಾಗಿತ್ತು. ಆ ಡಿಸೆಂಬರಿನಲ್ಲಿ ದಿಲ್ಲಿಯಲ್ಲಿ ಕೂತವರು ಕೇಂದ್ರ ಗೃಹ ಮಂತ್ರಿ ಮತ್ತು ಇಬ್ಬರು ಮುಖ್ಯಮಂತ್ರಿಗಳು.

ಜಗತ್ತಿನ ಕಾಗದಗಳಲ್ಲಿ

ಭೀಮೆ ಮತ್ತು ಕಾವೇರಿಯ ಈ ಅನುಭವದ ಬೆಳಕಿನಲ್ಲಿ ಕಳೆದ ನೂರು ವರ್ಷಗಳ ಹೆಸರಾಂತ ಸಂಧಿಗಳನ್ನು ಓದಿದರೆ, ಎಲ್ಲ ಗೈರುಹಾಜರಿಗಳೂ ಒಂದೇ ಬಗೆಯವಲ್ಲ ಎಂದು ಕಾಣುತ್ತದೆ.

ಮ್ಯೂನಿಕ್ ಎಲ್ಲಕ್ಕಿಂತ ಬೆತ್ತಲೆಯದು. 1938ರ ಸಪ್ಟೆಂಬರ್ 29ರ ರಾತ್ರಿ ಜರ್ಮನಿ, ಇಟಲಿ, ಬ್ರಿಟನ್, ಫ್ರಾನ್ಸ್ ನಾಯಕರು ಚೆಕೊಸ್ಲೊವಾಕಿಯಾದ ಸುಡೆಟನ್ ಸೀಮೆಯನ್ನು ಹಿಟ್ಲರನಿಗೆ ಒಪ್ಪಿಸಿದರು. ಚೆಕ್ ಪ್ರತಿನಿಧಿಗಳು ಹೋಟೆಲಿನಲ್ಲಿ ಕಾಯುತ್ತ ಕೂತಿದ್ದರು. ನಡುರಾತ್ರಿ ಕಳೆದ ಮೇಲೆ ಕರೆದು ಕಾಗದ ಕೊಟ್ಟರು. ಯುದ್ಧ ತಪ್ಪಿಸಿದೆವೆಂದು ಹೊರಟವರಿಗೆ ಆರು ತಿಂಗಳೂ ಸಿಗಲಿಲ್ಲ: 1939ರ ಮಾರ್ಚ್ 15ರಂದು ಜರ್ಮನ್ ದಂಡು ಪ್ರಾಗ್‌ಗೆ ಬಂತು.

ವಿಯೆಟ್ನಾಮಿನದು ಬೇರೆ. 1973ರ ಜನವರಿ 27ರ ಪ್ಯಾರಿಸ್ ಒಪ್ಪಂದದಲ್ಲಿ ದಕ್ಷಿಣ ವಿಯೆಟ್ನಾಮಿನ ಸಹಿ ಇದೆ. ಆದರೆ ಮಾತುಕತೆ ನಡೆದದ್ದು ಅಮೆರಿಕದ ಕಿಸಿಂಜರ್ ಮತ್ತು ಉತ್ತರ ವಿಯೆಟ್ನಾಮಿನ ಲೆ ಡುಕ್ ಥೊ ನಡುವೆ, ಗುಟ್ಟಾಗಿ. ಉತ್ತರದ ಸೈನ್ಯ ದಕ್ಷಿಣದಲ್ಲೇ ಉಳಿಯಬಹುದು ಎಂಬುದನ್ನು ಸೈಗಾನಿನ ಅಧ್ಯಕ್ಷ ಥಿಯು 1972ರ ಅಕ್ಟೋಬರಿನಲ್ಲಿ ಒಪ್ಪಲಿಲ್ಲ. ಕೊನೆಗೆ ಒತ್ತಡಕ್ಕೆ ಮಣಿದ. 1975ರ ಏಪ್ರಿಲ್ 30ಕ್ಕೆ ಆ ದೇಶವೇ ಇಲ್ಲವಾಯಿತು. ಹಾಜರಿ ಪುಸ್ತಕದಲ್ಲಿ ಹೆಸರಿದ್ದ ಮಾತ್ರಕ್ಕೆ ಮಾತಿಗೆ ಬೆಲೆ ಇತ್ತು ಎನ್ನಲಾಗದು.

2020ರ ಫೆಬ್ರುವರಿ 29ರ ದೋಹಾ ಒಪ್ಪಂದವಂತೂ ಸಾಲಬಾಯಿಯ ಒಡಹುಟ್ಟು. ಅಮೆರಿಕ ಮತ್ತು ತಾಲಿಬಾನ್ ಸಹಿ ಹಾಕಿದ ಆ ಕಾಗದದಲ್ಲಿ 5,000ದವರೆಗೆ ತಾಲಿಬಾನ್ ಕೈದಿಗಳ ಬಿಡುಗಡೆಯ ಮಾತಿತ್ತು. ಕೈದಿಗಳಿದ್ದದ್ದು ಕಾಬೂಲ್ ಸರಕಾರದ ಜೈಲುಗಳಲ್ಲಿ. ಆ ಸರಕಾರ ಒಪ್ಪಂದಕ್ಕೆ ಪಕ್ಷವೇ ಅಲ್ಲ. ಮೊದಲು ಒಪ್ಪಲಿಲ್ಲ, ಆಮೇಲೆ ಒಪ್ಪಲೇಬೇಕಾಯಿತು. 1782ರಲ್ಲಿ ಹೈದರನಿಗೆ ಕಲಮನ್ನು ತಳ್ಳಿಹಾಕುವ ಶಕ್ತಿ ಇತ್ತು. ಅಮೆರಿಕದ ಆಸರೆಯಲ್ಲಿದ್ದ ಕಾಬೂಲಿಗೆ ಅದಿರಲಿಲ್ಲ. ಇಲ್ಲದವರ ಮೇಲೆ ಬರೆದ ಕಲಮು ಬಲಿಷ್ಠನ ಮೇಲೆ ಬಿದ್ದರೆ ಕಾಗದವಾಗಿ ಉಳಿಯುತ್ತದೆ, ದುರ್ಬಲನ ಮೇಲೆ ಬಿದ್ದರೆ ಅವನನ್ನು ಮುರಿಯುತ್ತದೆ. 2021ರ ಆಗಸ್ಟ್ 15ರಂದು ಕಾಬೂಲ್ ಬಿತ್ತು.

ಒಂದೇ ಕಟ್ಟಿನಲ್ಲಿ ಎರಡೂ ಬಗೆಯನ್ನು ನೋಡಬೇಕೆಂದರೆ 1978ರ ಸಪ್ಟೆಂಬರ್ 17ರ ಕ್ಯಾಂಪ್ ಡೇವಿಡ್ ಇದೆ. ಅಂದು ಎರಡು ಕಾಗದಗಳಿಗೆ ಸಹಿಯಾಯಿತು. ಈಜಿಪ್ಟ್ ಮತ್ತು ಇಸ್ರೇಲ್ ತಮ್ಮ ತಮ್ಮ ನಡುವೆ ಮಾಡಿಕೊಂಡದ್ದು ಮರುವರ್ಷ ಸಂಧಿಯಾಗಿ ಗಟ್ಟಿಯಾಯಿತು, ಸಿನಾಯ್ ಈಜಿಪ್ಟಿಗೆ ತಿರುಗಿ ಬಂತು, ಆ ಶಾಂತಿ ಇಂದಿಗೂ ಮುರಿದಿಲ್ಲ. ಪಶ್ಚಿಮ ದಂಡೆ ಮತ್ತು ಗಾಜಾದ ಬಗ್ಗೆ ಅದೇ ಜನ, ಅದೇ ದಿನ, ಪ್ಯಾಲೆಸ್ಟೀನಿಯರಿಲ್ಲದೆ ಬರೆದ ಚೌಕಟ್ಟು ಹುಟ್ಟಿದಲ್ಲೇ ನಿಂತಿತು.

ಎದುರು ವಾದಕ್ಕೂ ತೂಕವಿದೆ

ದೊಡ್ಡವರ ಮಾತುಕತೆಯನ್ನು ಸಮರ್ಥಿಸುವವರನ್ನು ಸುಮ್ಮನೆ ಬದಿಗೆ ಸರಿಸಲಾಗದು. ಅವರ ಮೊದಲ ಮಾತು: ಬಂದೂಕು ಯಾರ ಕೈಯಲ್ಲಿದೆಯೋ ಅವರೇ ಮಾತಾಡಬೇಕು. ಗುಂಡು ನಿಂತರೆ ಸಾಯುವವರು ಕಡಿಮೆಯಾಗುತ್ತಾರೆ. ನ್ಯಾಯದ ಮಾತು ಆಮೇಲೆ ಬರಲಿ. ಎರಡನೆಯದು: ಪೆಟ್ಟು ತಿಂದವರು ಸಿಟ್ಟಿನಲ್ಲಿರುತ್ತಾರೆ, ಮನೆಯಲ್ಲಿ ಮುಖ ತೋರಿಸಬೇಕಾದ ಅವರ ನಾಯಕರಿಗೆ ಮೊದಲ ಹೆಜ್ಜೆ ಇಡುವುದು ಕಷ್ಟ. ಮೂರನೆಯದು: ಕೂತಿದ್ದರೂ ಲಾಭವಾಗುತ್ತದೆ ಎಂದೇನೂ ಇಲ್ಲ. 2015ರ ಮಿನ್ಸ್ಕ್ ಒಪ್ಪಂದಕ್ಕೆ ಯುಕ್ರೇನ್ ತಾನೇ ಕೂತಿತ್ತು. ಏಳು ವರ್ಷಕ್ಕೆ ದೊಡ್ಡ ಯುದ್ಧ ಬಂತು. 1792ರ ಶ್ರೀರಂಗಪಟ್ಟಣ ಸಂಧಿಗೆ ಟೀಪು ತಾನೇ ಸಹಿ ಹಾಕಿದ್ದ. ಅರ್ಧ ರಾಜ್ಯ ಕಳೆದುಕೊಂಡ, ಇಬ್ಬರು ಮಕ್ಕಳನ್ನು ಒತ್ತೆ ಇಟ್ಟ, ಏಳು ವರ್ಷಕ್ಕೆ ಎಲ್ಲವೂ ಹೋಯಿತು.

ಮೂರನೆಯ ಮಾತು ನಿಜ. ಹಾಜರಿ ಸಾಕಾಗುವುದಿಲ್ಲ, ಕತ್ತಿಯ ಕೆಳಗಿನ ಹಾಜರಿ ಹೆಚ್ಚು ಬಾಳುವುದೂ ಇಲ್ಲ. ಆದರೆ ಮೊದಲೆರಡು ಮಾತುಗಳು ಎರಡು ಬೇರೆ ಕೆಲಸಗಳನ್ನು ಒಂದು ಮಾಡುತ್ತವೆ. ಗುಂಡು ನಿಲ್ಲಿಸಲು, ದಾರಿ ತೆರೆಯಲು ಮೂರನೆಯವರು ಗುಟ್ಟಾಗಿಯೂ ಮಾತಾಡಬಹುದು. ನೆಲ ಯಾರದು, ಸೈನ್ಯ ಎಷ್ಟಿರಬೇಕು, ಯಾರ ಕೈದಿ ಬಿಡುಗಡೆಯಾಗಬೇಕು ಎಂಬುದನ್ನು ಹಾಗೆ ಬರೆಯಲಾಗದು. ನಮ್ಮ ಕಡೆ ಅಣ್ಣತಮ್ಮಂದಿರ ವಾಟ್ನಿಗೆ, ಅಂದರೆ ಆಸ್ತಿಯ ಪಾಲಿಗೆ, ಪಂಚರು ಕೂತು ಜಗಳ ಬಿಡಿಸಬಹುದು. ಆದರೆ ಊರಲ್ಲಿಲ್ಲದ ತಮ್ಮನ ಸಹಿ ಇಲ್ಲದೆ ಬರೆದ ವಾಟ್ನಿ ಪತ್ರ ಜಮೀನಿನ ಸಾತ್‌ಬಾರಾ ಉತಾರೆಯ ಮೇಲೆ ಏರುವುದಿಲ್ಲ, ಏರಿದರೂ ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ರಾಷ್ಟ್ರಗಳ ನಡುವಿನ ಕಾನೂನು ಹೇಳುವುದೂ ಹೆಚ್ಚುಕಡಿಮೆ ಅದನ್ನೇ. 1969ರ ವಿಯೆನ್ನಾ ಸಂಧಿ ಕಾನೂನಿನ 34ನೇ ಕಲಮಿನಂತೆ, ಒಪ್ಪಂದವು ಮೂರನೆಯ ರಾಷ್ಟ್ರದ ಮೇಲೆ ಅದರ ಒಪ್ಪಿಗೆಯಿಲ್ಲದೆ ಹೊಣೆ ಹೊರಿಸಲಾರದು. 35ನೆಯದು ಆ ಒಪ್ಪಿಗೆ ಬರವಣಿಗೆಯಲ್ಲೇ ಇರಬೇಕೆನ್ನುತ್ತದೆ. 52ನೆಯದರಂತೆ, ವಿಶ್ವಸಂಸ್ಥೆಯ ಸನ್ನದು ಮೀರಿ ಬಲಪ್ರಯೋಗದ ಬೆದರಿಕೆಯಿಂದ ಪಡೆದ ಸಂಧಿ ಅಸಿಂಧು. ಆದಿಲ್‌ಶಹಾನಿಗಾಗಲಿ ಹೈದರನಿಗಾಗಲಿ ಈ ಆಧಾರ ಇರಲಿಲ್ಲ. ಇಂದು ಇದೆ. ಇದ್ದೂ ದೊಡ್ಡವರು ಹಳೆಯ ದಾರಿಯನ್ನೇ ಹಿಡಿದರೆ, ಅದಕ್ಕೆ ಅಜ್ಞಾನ ಕಾರಣವಲ್ಲ.

2025ರ ಕಾಗದ

ರಿಯಾದ್ ಆದ ಮೇಲೆ, 2025ರ ಆಗಸ್ಟ್ 15ರಂದು ಟ್ರಂಪ್ ಮತ್ತು ಪುಟಿನ್ ಅಲಾಸ್ಕಾದಲ್ಲಿ ಭೇಟಿಯಾದರು. ಯುಕ್ರೇನಿನ ಝೆಲೆನ್‌ಸ್ಕಿ ಯುರೋಪಿನ ನಾಯಕರ ಜೊತೆ ವಾಷಿಂಗ್ಟನ್ನಿಗೆ ಹೋದದ್ದು ಮೂರು ದಿನಗಳ ಮೇಲೆ. ನವೆಂಬರಿನಲ್ಲಿ ಅಮೆರಿಕದ 28 ಅಂಶಗಳ ಯೋಜನೆ ಹೊರಬಿತ್ತು. ಯುಕ್ರೇನಿನ ಸೈನ್ಯ 6 ಲಕ್ಷ ಮೀರಬಾರದು, ತನ್ನ ಕೈಯಲ್ಲೇ ಉಳಿದಿದ್ದ ಡೊನೆಟ್ಸ್ಕ್ ಭಾಗದಿಂದ ಅದು ಹಿಂದೆ ಸರಿಯಬೇಕು, ನ್ಯಾಟೊ ಸೇರಬಾರದು ಎಂಬವು ಅದರಲ್ಲಿದ್ದವು. ಕರಡು ಹೊರಬಿದ್ದ ಮೇಲೆ ಯುಕ್ರೇನ್ ಮತ್ತು ಯುರೋಪಿನವರು ಜಿನೀವಾದಲ್ಲಿ ಅಮೆರಿಕದ ಜೊತೆ ಕೂತು ತಿದ್ದಲು ತೊಡಗಿದರು.

ಈ ಮೂರೂ ಬೇಡಿಕೆಗಳನ್ನು ನಡೆಸಬೇಕಾದ ಕೈ ಯುಕ್ರೇನಿನದು. ತನ್ನ ಸೈನ್ಯವನ್ನು ಅದೇ ಇಳಿಸಬೇಕು, ಕೋಟೆಕಂದಕ ಕಟ್ಟಿದ ಊರುಗಳಿಂದ ಅದೇ ಹೊರಡಬೇಕು, ತನ್ನ ಸಂವಿಧಾನವನ್ನು ಅದೇ ತಿದ್ದಬೇಕು. ಸಾಲಬಾಯಿಯಂತೆ ಇದನ್ನು ಬೇರೊಬ್ಬರ ಹೊಣೆ ಎಂದು ಬರೆದರೆ, ಅಮೆರಿಕಕ್ಕೆ ಯುಕ್ರೇನಿನ ಮೇಲೆ ಒತ್ತಡ ಹೇರುವ ಕೆಲಸ ಬೀಳುತ್ತದೆ. ಆಗ ಮಧ್ಯಸ್ತಗಾರ ಎಂದು ಬಂದವನು 1636ರ ರಣದುಲ್ಲಾ ಖಾನನ ಜಾಗದಲ್ಲಿ ನಿಲ್ಲುತ್ತಾನೆ: ನಿನ್ನೆ ಆಸರೆ ಕೊಟ್ಟವನನ್ನು ಇಂದು ಬೆನ್ನಟ್ಟುವವನಾಗಿ. 1994ರಲ್ಲಿ ಅಣ್ವಸ್ತ್ರ ಬಿಟ್ಟುಕೊಟ್ಟದ್ದಕ್ಕೆ ಬುಡಾಪೆಸ್ಟಿನಲ್ಲಿ ಗಡಿಯ ಭರವಸೆ ಕೊಟ್ಟವರಲ್ಲಿ ಅಮೆರಿಕ, ರಷ್ಯಾ ಎರಡೂ ಇದ್ದವು ಎಂಬುದು ಕೀವ್‌ಗೆ ಮರೆಯುವ ಮಾತಲ್ಲ.

ಇನ್ನೂ ಒಂದು ಲೆಕ್ಕವಿದೆ. ಇಪ್ಪತ್ತು ವರ್ಷದ ಆದಿಲ್‌ಶಾಹಿ ಶಾಂತಿ ತೆಂಕಣಕ್ಕೆ ದಂಡನ್ನು ಬಿಟ್ಟಂತೆ, ಡೊನೆಟ್ಸ್ಕ್‌ನಲ್ಲಿ ಬಿಡುವಾದ ಸೈನ್ಯ ಎತ್ತ ತಿರುಗೀತು ಎಂದು ಬಾಲ್ಟಿಕ್ ದೇಶಗಳು, ಮೊಲ್ಡೊವಾ ಚಿಂತಿಸುವುದರಲ್ಲಿ ಅತಿರೇಕವೇನೂ ಇಲ್ಲ. ಇಂಥ ಸಂಧಿಯಿಂದ ಇನ್ನಾರ ಮೇಲೆ ಭಾರ ಬೀಳುತ್ತದೆ ಎಂಬುದು ಬರೆದ ವರ್ಷವೇ ಕಾಣುವುದಿಲ್ಲ.

ನಮ್ಮದೇ ಒಂದು ದಾರಿ

ಗೆದ್ದ ದೊಡ್ಡ ದೇಶ ಹೀಗೆಯೇ ನಡೆಯಬೇಕೆಂಬ ವಿಧಿಯೇನೂ ಇಲ್ಲ. ಅದಕ್ಕೆ ಸಾಕ್ಷಿ ನಮ್ಮಲ್ಲೇ ಇದೆ. 1971ರ ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೈನ್ಯ ಭಾರತ ಮತ್ತು ಬಾಂಗ್ಲಾದೇಶದ ಜಂಟಿ ದಂಡಿಗೆ ಶರಣಾಯಿತು; ಸುಮಾರು 93,000 ಸೆರೆಯಾಳುಗಳು ಭಾರತದ ಕೈಯಲ್ಲಿದ್ದರು. 1972ರ ಜುಲೈ 2ರಂದು ಶಿಮ್ಲಾದಲ್ಲಿ ಇಂದಿರಾ ಗಾಂಧಿ ಮತ್ತು ಭುಟ್ಟೊ ಕೂತಾಗ ಭುಟ್ಟೊಗೆ ಬೇಕಾದದ್ದು ಆ ಸೆರೆಯಾಳುಗಳೇ. ಪಾಕಿಸ್ತಾನ ಬಾಂಗ್ಲಾದೇಶವನ್ನು ಇನ್ನೂ ಒಪ್ಪಿರಲಿಲ್ಲ; ಢಾಕಾದ ಪ್ರತಿನಿಧಿ ಅಲ್ಲಿರಲಿಲ್ಲ. ಕೈಯಲ್ಲಿದ್ದ ಸೆರೆಯಾಳುಗಳನ್ನು ಕಾಶ್ಮೀರಕ್ಕೆ ಒತ್ತೆಯಾಗಿ ಬಳಸುವ ಅವಕಾಶ ಭಾರತಕ್ಕಿತ್ತು. ಬಳಸಲಿಲ್ಲ ಎಂದು ದೂರುವವರು ಇಂದಿಗೂ ಇದ್ದಾರೆ.

ಭಾರತ ಹಿಡಿದ ನಿಲುವು ಇಷ್ಟು: ಶರಣಾದದ್ದು ಇಬ್ಬರಿಗೆ, ಆದ್ದರಿಂದ ಸೆರೆಯಾಳುಗಳ ಮಾತು ಬಾಂಗ್ಲಾದೇಶವಿಲ್ಲದೆ ಮುಗಿಯದು. ಹಾಗಾಗಿ ಶಿಮ್ಲಾದ ಕಾಗದದಲ್ಲಿ ಆ ವಿಷಯ ಮುಂದಿನ ಮಾತುಕತೆಗೆ ಬಿಟ್ಟುಹೋಯಿತು. 1973ರ ಆಗಸ್ಟಿನಲ್ಲಿ ಬಾಂಗ್ಲಾದೇಶದ ಒಪ್ಪಿಗೆ ಪಡೆದು ದಿಲ್ಲಿ ಒಪ್ಪಂದ ಆಯಿತು. 1974ರ ಏಪ್ರಿಲ್ 9ರಂದು ಮೂರೂ ದೇಶಗಳು ದಿಲ್ಲಿಯಲ್ಲಿ ಒಂದೇ ಮೇಜಿಗೆ ಕೂತವು. ಸಾವಿರಾರು ಸೆರೆಯಾಳುಗಳ ಮನೆಯವರಿಗೆ ಆ ವಿಳಂಬ ಹಿಂಸೆಯೇ ಆಗಿತ್ತು, ಅದನ್ನು ಮರೆಮಾಚಬಾರದು.

ಆದರೆ ಆ ಮೇಜಿನ ಮೇಲೆ ಆದದ್ದನ್ನು ನೋಡಿ. ಯುದ್ಧಾಪರಾಧದ ಆರೋಪ ಹೊತ್ತ 195 ಪಾಕಿಸ್ತಾನಿ ಸೆರೆಯಾಳುಗಳ ವಿಚಾರಣೆಯನ್ನು ಕೈಬಿಡಲು ಬಾಂಗ್ಲಾದೇಶ ಒಪ್ಪಿತು. ತನ್ನ ಜನರನ್ನು ಕೊಂದವರನ್ನು ಬಿಟ್ಟುಬಿಡುವುದು ಯಾವ ದೇಶಕ್ಕಾದರೂ ಅತಿ ಕಷ್ಟದ ರಿಯಾಯಿತಿ. ಢಾಕಾದಲ್ಲಿ ಅದನ್ನು ಬೈದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಆ ರಿಯಾಯಿತಿಯನ್ನು ಶಿಮ್ಲಾದಲ್ಲಿ ಭಾರತವೇ ಬಾಂಗ್ಲಾದೇಶದ ಪರವಾಗಿ ಕೊಟ್ಟಿದ್ದರೆ ಅದು ಮೋಸವಾಗುತ್ತಿತ್ತು, ಎರಡು ದೇಶಗಳ ನಡುವೆ ಹೊಸ ಹಗೆಯಾಗುತ್ತಿತ್ತು. ಬಾಂಗ್ಲಾದೇಶವೇ ಕೊಟ್ಟದ್ದರಿಂದ ಅದು ರಾಜಿಯಾಯಿತು. ಪೆಟ್ಟು ತಿಂದವರನ್ನು ಕರೆದರೆ ಅವರು ಏನನ್ನೂ ಬಿಟ್ಟುಕೊಡುವುದಿಲ್ಲ, ಆದ್ದರಿಂದ ದೊಡ್ಡವರೇ ಮುಗಿಸಿಬಿಡೋಣ ಎನ್ನುವವರಿಗೆ ಇದೇ ಉತ್ತರ. ಬಿಟ್ಟುಕೊಡುವ ಅಧಿಕಾರ ಇರುವುದೇ ಅವರಿಗೆ. ಅವರ ಬದಲು ಇನ್ನೊಬ್ಬರು ಬಿಟ್ಟುಕೊಟ್ಟದ್ದನ್ನು ತಿರುಗಿ ಪಡೆಯಲು ಅವರೋ ಅವರ ಮಕ್ಕಳೋ ಒಂದು ದಿನ ಬರುತ್ತಾರೆ.